ಗಣಿತದ ಪೀರಿಯಡ್ ಕದ್ದವರು

"ನಿನ್ನ ಶಿಷ್ಯರೇ ಕದ್ದಿರೋದು. ಇನ್ಯಾರಿಗಿದೆ ಆ ಬುದ್ಧಿ? ಕಳ್ಳತನ ಹೇಳಿಕೊಡೋಕೆ ಅಂತ ಒಂದು ಕ್ಲಾಸು, ಆ ಕ್ಲಾಸಿಗೊಂದು ಕೋಣೆ, ಆ ಕೋಣೆಗೊಂದು ಫ್ಯಾನು ಬೇರೆ."

"ಫ್ಯಾನು ತಿರುಗಲ್ಲ ಸರ್. ಅದನ್ನ ನನ್ನ ತಲೆಗೆ ಕಟ್ಟಬೇಡಿ."

"ಮಾತಿಗೆ ಮಾತು ಜೋಡಿಸಬೇಡ. ನಿನ್ನೆ ಬೋರ್ಡ್ ಮೇಲೆ ತ್ರಿಕೋನ ಬರೀತಿದ್ದೆ. ಎರಡು ಗೆರೆ ಎಳೆದಿದ್ದೆ, ಬೆಲ್ ಹೊಡೀತು. ಮೂರನೇದು ಎಳೆದು ತಿರುಗಿ ನೋಡಿದ್ರೆ ಕ್ಲಾಸ್ ಖಾಲಿ. ಇಷ್ಟು ದಿನ ನನ್ನ ವಾಚೇ ಕೆಟ್ಟಿದೆ ಅಂದ್ಕೊಂಡು ರಿಪೇರಿಯವನ ಹತ್ತಿರ ಅಲೆದೆ. ಅವನು ವಾಚ್ ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡಿದ್ದ."

"ಅದಕ್ಕೆ ನನ್ನ ಮಕ್ಕಳೇನು ಮಾಡ್ತಾರೆ?"

"ಬೆಲ್ ಹೊಡೆಯೋದು ಕಂಪ್ಯೂಟರ್. ಕಂಪ್ಯೂಟರ್ ಒಳಗೆ ನುಗ್ಗೋ ವಿದ್ಯೆ ಈ ಶಾಲೆಯಲ್ಲಿ ಹೇಳಿಕೊಡ್ತಿರೋಳು ನೀನೊಬ್ಬಳೇ. ಇದರಲ್ಲಿ ಪತ್ತೆ ಮಾಡೋಕೆ ಏನಿದೆ? ಸೋಮವಾರದಿಂದ ನಿನ್ನ ಕ್ಲಾಸ್ ಬಂದ್. ಆ ಕೋಣೆಗೆ ಮತ್ತೆ ಮುರಿದ ಬೆಂಚು ತುಂಬಿಸ್ತೀನಿ. ಬೆಂಚುಗಳು ಕದಿಯಲ್ಲ."

ಮೇಜಿನ ಈಚೆ ನಿಂತವಳಿಗೆ ಮಕ್ಕಳು ಇಟ್ಟ ಹೆಸರು ಸಾಸಿವೆ. ಆಳು ಚಿಕ್ಕದು, ಕಾವು ತಗುಲಿದರೆ ಸಿಡಿದು ಎಲ್ಲಿ ಬೀಳುತ್ತಾಳೋ ಗೊತ್ತಾಗುತ್ತಿರಲಿಲ್ಲ. ಮೇಜಿನ ಆಚೆ ಕೂತಿದ್ದ ಹೆಡ್‌ಮಾಸ್ಟರು, ಊರೆಲ್ಲ 'ದೊಡ್ಡ ಮೇಷ್ಟ್ರು' ಅನ್ನುತ್ತಿದ್ದವರು, ಅವಳ ಗಂಡನ ಖಾಸಾ ಅಣ್ಣ. ಶಾಲೆಯಲ್ಲಿ ಅವಳು ಅವರನ್ನು 'ಸರ್' ಅನ್ನುತ್ತಿದ್ದಳು, ಮನೆಯಲ್ಲಿ 'ಭಾವ'. ಸಿಟ್ಟು ನೆತ್ತಿಗೇರಿದರೆ ಮಾತ್ರ ಶಾಲೆ ಯಾವುದು, ಮನೆ ಯಾವುದು ಎಂಬುದು ಮರೆತುಹೋಗುತ್ತಿತ್ತು.

"ಭಾವ," ಅಂದಳು ಈಗ. ದೊಡ್ಡ ಮೇಷ್ಟ್ರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು. "ನನ್ನ ಮಕ್ಕಳು ಕೇಳದೆ ಯಾರ ಕಂಪ್ಯೂಟರನ್ನೂ ಮುಟ್ಟಲ್ಲ. ಮುಟ್ಟಿದ್ದಾರೆ ಅಂತ ಗೊತ್ತಾದ್ರೆ ನೀವು ಬಂದ್ ಮಾಡೋದೇನು, ನಾನೇ ಎದ್ದು ಹೋಗ್ತೀನಿ. ಈ ಶಾಲೆ ಹೊಸ್ತಿಲು ಮತ್ತೆ ತುಳಿಯಲ್ಲ. ಮುಟ್ಟಿಲ್ಲ ಅಂತ ಗೊತ್ತಾದ್ರೆ ನೀವು ಎಲ್ಲರೆದುರಿಗೆ ಆ ಮಕ್ಕಳ ಹತ್ತಿರ ತಪ್ಪಾಯ್ತು ಅನ್ನಬೇಕು. ಫ್ಯಾನೂ ರಿಪೇರಿ ಮಾಡಿಸಬೇಕು."

"ಮಾತು ಕೊಟ್ಟಿದ್ದೀಯ, ನೆನಪಿರಲಿ."

"ಮರೆಯೋಕೆ ನಾನೇನು ನಿಮ್ಮ ಬೆಲ್ಲಲ್ಲ."

"ಶನಿವಾರ ಸ್ಟಾಫ್ ಮೀಟಿಂಗ್ ಇದೆ. ಅಲ್ಲಿವರೆಗೂ ಟೈಮು," ಅಂದರು ದೊಡ್ಡ ಮೇಷ್ಟ್ರು.

ಆ ಕ್ಲಾಸು ಅವಳು ಕೈಯಾರೆ ಕಟ್ಟಿದ್ದು. ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯನ್ನು ಮಕ್ಕಳನ್ನು ಕರೆದುಕೊಂಡು ತಾನೇ ಗುಡಿಸಿದ್ದಳು. ಆಫೀಸುಗಳವರು ಎಸೆದ ಕಂಪ್ಯೂಟರುಗಳನ್ನು ಬೇಡಿ ತಂದು, ಒಂದರ ಹೊಟ್ಟೆ ಬಗೆದು ಇನ್ನೊಂದಕ್ಕೆ ತುಂಬಿ, ಓಡುವಂತೆ ಮಾಡಿದ್ದಳು. ಅದರಲ್ಲಿ ಒಂದು ಶುರುವಾಗಬೇಕಾದರೆ ಪಕ್ಕಕ್ಕೊಂದು ಏಟು ಬೇಕಿತ್ತು. ಎಲ್ಲಿ ಹೊಡೆಯಬೇಕು ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದಳು.

ವರ್ಷದ ಮೊದಲ ಪಾಠ ಯಾವಾಗಲೂ ಒಂದೇ. ಪೆಪ್ಪರ್‌ಮಿಂಟ್ ತುಂಬಿದ ತಗಡಿನ ಡಬ್ಬಿಗೆ ಪುಟ್ಟದೊಂದು ಬೀಗ ಹಾಕಿ ಮೇಜಿನ ಮೇಲಿಟ್ಟು, "ಈಗ ಬಂದೆ" ಅಂತ ಹೊರಗೆ ಹೋಗುತ್ತಿದ್ದಳು. ತಿರುಗಿ ಬರುವ ಹೊತ್ತಿಗೆ ಬೀಗ ತೆಗೆದಿರುತ್ತಿತ್ತು, ಡಬ್ಬಿ ಖಾಲಿಯಾಗಿರುತ್ತಿತ್ತು, ಎಲ್ಲರ ಕೆನ್ನೆಯೂ ಉಬ್ಬಿರುತ್ತಿತ್ತು. ಆಗ ಅವಳು ಸಾವಧಾನವಾಗಿ ಹೇಳುತ್ತಿದ್ದಳು: "ಬೀಗ ತೆಗೆಯೋಕೆ ಬರೋದು ವಿದ್ಯೆ. ಕೇಳದೆ ತೆಗೆಯೋದು ಕಳ್ಳತನ. ಒಳ್ಳೇದಕ್ಕೆ ಅಂತ ತೆಗೆದ್ರೂ ಕಳ್ಳತನವೇ. ಇನ್ನುಳಿದ ಪಾಠವೆಲ್ಲ ಇದರ ಬಾಲ. ಈಗ ಎಲ್ಲರೂ ಬಾಯಲ್ಲಿರೋದನ್ನ ನುಂಗಿ, ಪುಸ್ತಕ ತೆಗೀರಿ."

ಅಂಥ ಮಕ್ಕಳನ್ನು ಕಳ್ಳರು ಅಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಸೀದಾ ಕ್ಲಾಸಿಗೆ ನುಗ್ಗಿದಳು.

"ಹೆಡ್‌ಮಾಸ್ಟರ ಬೆಲ್ಲನ್ನ ಯಾರೋ ಹಿಂದೆ ಮುಂದೆ ಮಾಡಿದ್ದಾರೆ. ನಿಮ್ಮಲ್ಲಿ ಯಾರಾದ್ರೂ ಗಣಿತದ ಪೀರಿಯಡ್ ಕದ್ದಿದ್ದೀರಾ?"

"ಇಲ್ಲ ಮೇಡಂ," ಅಂದಿತು ಇಡೀ ಕ್ಲಾಸು.

"ನನ್ನ ಮುಖ ನೋಡಿ ಹೇಳಿ."

"ಕದ್ದಿಲ್ಲ ಮೇಡಂ," ಅಂದ ಹಿಂದಿನ ಸಾಲಿನ ಉದ್ದನೆಯ ಹುಡುಗ. ಅವನನ್ನು ಎಲ್ಲರೂ ಏಣಿ ಅನ್ನುತ್ತಿದ್ದರು. "ನಾವು ಯಾರ ಪೀರಿಯಡ್ಡೂ ಕದ್ದಿಲ್ಲ. ನನ್ನಾಣೆ." ಅವನ ಪಕ್ಕದಲ್ಲಿ ದಪ್ಪ ಗಾಜಿನ ಹುಡುಗಿ, ಕ್ಲಾಸಿನ ಬಾಯಲ್ಲಿ ಬರೀ ಕನ್ನಡಕ, ಹೌದೆಂಬಂತೆ ತಲೆ ಆಡಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಸಾಸಿವೆಯ ಸ್ವಂತ ಮಗಳು ಕಿವಿ ತುರಿಸಿಕೊಂಡಳು.

ಚಿಕ್ಕವಳಿದ್ದಾಗಿನಿಂದ ಮಗಳು ಕಿವಿ ತುರಿಸಿಕೊಳ್ಳುವುದು ಯಾವಾಗ ಅಂತ ಹೆತ್ತವಳಿಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವಳು ಗೆದ್ದ ಹುರುಪಿನಲ್ಲಿದ್ದಳು. ಕಂಡದ್ದನ್ನು ಕಾಣಲಿಲ್ಲ ಅಂದುಕೊಂಡು ಹೆಡ್‌ಮಾಸ್ಟರ ಕೋಣೆಗೆ ವಾಪಸು ಹೋದಳು.

"ಸರ್, ಬೆಲ್ ಬದಲಾಯಿಸಬೇಕಾದ್ರೆ ನಿಮ್ಮ ಪಾಸ್‌ವರ್ಡ್ ಬೇಕಲ್ಲ. ಅದು ಯಾರಿಗೆಲ್ಲ ಗೊತ್ತು?"

"ನನಗೆ. ಮುಗೀತು. ಎಲ್ಲೂ ಬರೆದಿಟ್ಟಿಲ್ಲ, ಯಾರಿಗೂ ಹೇಳಿಲ್ಲ. ನಿಮ್ಮ ಅಕ್ಕನಿಗೂ ಹೇಳಿಲ್ಲ." ಅಕ್ಕ ಅಂದರೆ ಅವರ ಹೆಂಡತಿ, ಸಾಸಿವೆಯ ಓರಗಿತ್ತಿ. ಅದೇ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದಳು.

"ಹಾಗಾದ್ರೆ ಒಂದ್ಸಲ ಕಂಪ್ಯೂಟರ್ ಒಳಗೆ ಹೋಗಿ. ನಾನು ಆ ಕಡೆ ತಿರುಗಿ ನಿಂತಿರ್ತೀನಿ."

ಗೋಡೆಯ ಕಡೆ ತಿರುಗಿ ನಿಂತಳು. ದೊಡ್ಡ ಮೇಷ್ಟ್ರು ಕನ್ನಡಕ ಏರಿಸಿ, ತೋಳು ಮಡಚಿ, ಬಲಗೈಯ ತೋರುಬೆರಳನ್ನು ಕೀಬೋರ್ಡಿನ ಮೇಲೆ ಎತ್ತಿ ಹಿಡಿದರು. ಅವರು ಹೆಡ್‌ಮಾಸ್ಟರಾಗುವ ಮುಂಚೆ ವರ್ಷಾನುಗಟ್ಟಲೆ ಉಕ್ತಲೇಖನ ಹೇಳಿದವರು. ಕೊನೆಯ ಬೆಂಚಿನ ಕಿವುಡನಿಗೂ ಕೇಳಬೇಕು ಅಂತ ಪಳಗಿಸಿದ ಗಂಟಲು. ಆ ಗಂಟಲು ಹೇಳದೆ ಆ ಬೆರಳು ಅಲುಗುತ್ತಿರಲಿಲ್ಲ.

"ಎಂ," ಅಂದರು ದೊಡ್ಡ ಮೇಷ್ಟ್ರು. ಬೆರಳು ಎಂ ಹುಡುಕಿಕೊಂಡು ಹೋಗಿ ಕುಟ್ಟಿತು. "ಯು... ಡಿ... ಮತ್ತೊಂದು ಡಿ... ಯು."

ಸಾಸಿವೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಗೋಡೆಗೆ ಹಣೆ ಒತ್ತಿ ಹಿಡಿದಳು. ಕಿಟಕಿ ತೆರೆದೇ ಇತ್ತು. ಹೊರಗೆ ಕಾರಿಡಾರಿನಲ್ಲಿ ನಡೆದು ಹೋಗುತ್ತಿದ್ದ ಚಪ್ಪಲಿ ಸದ್ದು ನಿಂತಿತು, ಯಾರೋ ಕಿಸಕ್ಕೆಂದರು, ಚಪ್ಪಲಿ ಮುಂದೆ ಹೋಯಿತು.

"ಜಿ... ಯು... ಬಿ... ಮತ್ತೊಂದು ಬಿ... ಐ. ಇನ್ನೊಮ್ಮೆ ಹೇಳ್ತೀನಿ," ಅಂದರು ದೊಡ್ಡ ಮೇಷ್ಟ್ರು ಹಳೆಯ ಅಭ್ಯಾಸದಿಂದ, ಯಾರಿಗೆ ಹೇಳುತ್ತಿದ್ದಾರೋ ದೇವರಿಗೇ ಗೊತ್ತು. ಇನ್ನೊಮ್ಮೆ ಹೇಳುತ್ತ, ಕುಟ್ಟಿದ್ದು ಸರಿಯಿದೆಯೇ ಅಂತ ಕೀಬೋರ್ಡಿನ ಒಂದೊಂದೇ ಅಕ್ಷರವನ್ನು ಬೆರಳಿನಿಂದ ತೋರಿಸಿ ತಾಳೆ ನೋಡಿದರು.

ಮುದ್ದುಗುಬ್ಬಿ.

ಸಾಸಿವೆಯ ಓರಗಿತ್ತಿ ತೂಕದ ಹೆಂಗಸು, ಮಾತಿನಲ್ಲೂ ಮೈಯಲ್ಲೂ. ಲೈಬ್ರರಿಯಲ್ಲಿ ಅವಳೊಮ್ಮೆ ಕೆಮ್ಮಿದರೆ ಸಾಕು, ಇಡೀ ಒಂಬತ್ತನೇ ಕ್ಲಾಸು ಉಸಿರು ಹಿಡಿಯುತ್ತಿತ್ತು. ಅವಳನ್ನು ಭೂಮಿಯ ಮೇಲೆ ಒಬ್ಬರು ಹೀಗೆ ಕರೆಯುತ್ತಾರೆ ಅಂತ ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಸಾಸಿವೆಗೂ ತಿಳಿದಿರಲಿಲ್ಲ. ಈಗ ತಿಳಿಯಿತು. ತನಗಿಂತ ಮುಂಚೆ ಶಾಲೆಗೆಲ್ಲ ತಿಳಿದಿತ್ತು ಅನ್ನುವುದೂ ತಿಳಿಯಿತು.

"ನೋಡಿದ್ಯಾ?" ಅಂದರು ಭಾವ ಹೆಮ್ಮೆಯಿಂದ. "ಯಾರಿಗಾದ್ರೂ ಗೊತ್ತಾಗೋ ಹಾಗಿದೆಯಾ?"

"ಇಲ್ಲ ಸರ್," ಅಂದಳು ಗೋಡೆಗೆ. ನಗು ಗಂಟಲಿಗೆ ಬಂದು ಕೂತಿತ್ತು. "ಇನ್ನೊಂದು ಕೇಳಬೇಕು. ನಾಳೆ ಊಟದ ಬಿಡುವಿನಲ್ಲಿ ನಾನು ಈ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳೋಕೆ ಅನುಮತಿ ಬೇಕು."

"ಬಚ್ಚಿಟ್ಕೊಳ್ಳೋರು ಯಾರಾದ್ರೂ ಕೇಳಿ ಬಚ್ಚಿಟ್ಕೋತಾರೇನೇ?"

"ನನ್ನ ಕ್ಲಾಸಿನೋರು ಕೇಳ್ತಾರೆ."

ಮಾರನೇ ದಿನ ಊಟದ ಬೆಲ್ ಹೊಡೆದು, ಮಕ್ಕಳು ಕೈ ತೊಳೆಯುತ್ತಾರೋ ಇಲ್ಲವೋ ನೋಡಲು ದೊಡ್ಡ ಮೇಷ್ಟ್ರು ನಲ್ಲಿಯ ಹತ್ತಿರ ಹೋದರು. ಸಾಸಿವೆ ಅವರ ಕೋಣೆಯ ಮೂಲೆಯಲ್ಲಿ, ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಕಪ್ಪುಹಲಗೆಯ ಹಿಂದೆ ನುಸುಳಿ ಕೂತಳು. ಸಣ್ಣ ಆಳಾಗಿದ್ದಕ್ಕೆ ಅಂದು ಮೊದಲ ಸಲ ಪ್ರಯೋಜನವಾಯಿತು. ಹಲಗೆಯ ಬಿರುಕಿನಿಂದ ಕಂಪ್ಯೂಟರು ನಿಚ್ಚಳವಾಗಿ ಕಾಣುತ್ತಿತ್ತು.

ಮೊದಲು ಬಂದವರು ಡ್ರಾಯಿಂಗ್ ಮೇಷ್ಟ್ರು. ನೊಣಕ್ಕೂ ದಾರಿ ಬಿಡುವ ಮನುಷ್ಯ. ಅಂಗಿಗೆ ಅಂಟಿದ ನೀಲಿ ಬಣ್ಣ ಕುರ್ಚಿಗೆ ತಾಗದಿರಲಿ ಅಂತ ತುದಿಯಲ್ಲಿ ಕೂತು, ಬೆರಳೆತ್ತಿ, ಪಿಸುದನಿಯಲ್ಲಿ ಶುರು ಮಾಡಿದರು: "ಎಂ... ಯು... ಡಿ... ಮತ್ತೊಂದು ಡಿ..." ಥೇಟು ದೊಡ್ಡ ಮೇಷ್ಟ್ರ ರಾಗ. ಕಿವಿಯಿಂದ ಕಲಿತ ಪಾಠ ಹಾಗೇ ಬರಬೇಕಲ್ಲ. ಹತ್ತನೇ ಕ್ಲಾಸಿಗೆ ಊಟವಾದ ಮೇಲೆ ಡ್ರಾಯಿಂಗ್, ಆಮೇಲೆ ಆಟ, ಕೊನೆಗೆ ದೊಡ್ಡ ಮೇಷ್ಟ್ರ ಗಣಿತ. ಡ್ರಾಯಿಂಗನ್ನು ಒಂದಿಷ್ಟು ಉದ್ದ ಎಳೆದು, "ಬಣ್ಣ ಒಣಗೋಕಾದ್ರೂ ಟೈಮ್ ಬೇಡವಾ?" ಅಂತ ಕಂಪ್ಯೂಟರಿಗೇ ಸಮಜಾಯಿಷಿ ಹೇಳಿದರು. "ದಿನಾ ಹೇಳಿದ್ರೂ ದಿನಾ ಮರೆಯುತ್ತೆ, ದರಿದ್ರದ್ದು," ಅಂತ ಗೊಣಗಿ ಎದ್ದು ಹೋದರು.

ಅವರ ಬೆನ್ನಿಗೇ ಆಟದ ಮೇಷ್ಟ್ರು, ಕೊರಳಲ್ಲಿ ಸೀಟಿ. ಕೂರಲೂ ಇಲ್ಲ, ನಿಂತೇ ಹೇಳಿ ನಿಂತೇ ಕುಟ್ಟಿದರು. ಆಟವನ್ನು ಗಣಿತದೊಳಗೆ ನುಗ್ಗಿಸಿ, ಮೈ ಮುರಿದು, ಹೊರಟೇಹೋದರು.

ಮೂರನೆಯವನನ್ನು ಕಂಡು ಸಾಸಿವೆ ಬಾಯಿಗೆ ಸೆರಗು ತುರುಕಿಕೊಂಡಳು. ಶಾಲೆಯ ಬಸ್ ಡ್ರೈವರ್. ಬೀಗದ ಗೊಂಚಲು ಗಿಲಿಗಿಲಿಗುಟ್ಟದಂತೆ ಮುಷ್ಟಿಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಎಲ್ಲರಿಗಿಂತ ಗತ್ತಿನಿಂದ ಒಪ್ಪಿಸಿದ. ಕೊನೆಗೆ "ಇನ್ನೊಮ್ಮೆ ಹೇಳ್ತೀನಿ" ಅನ್ನುವುದನ್ನೂ ಬಿಡಲಿಲ್ಲ. ಅದೂ ಪಾಸ್‌ವರ್ಡಿನದೇ ಒಂದು ಭಾಗ ಅಂತ ತಿಳಿದಿದ್ದನೋ ಏನೋ. ಅವನು ಕೊನೆಯ ಬೆಲ್ಲನ್ನೇ ಹಿಂದಕ್ಕೆ ಜಗ್ಗಿದ. ರಸ್ತೆಯಲ್ಲಿ ವಾಹನ ಕಿಕ್ಕಿರಿಯುವ ಮುಂಚೆ ಬಸ್ ದಾಟಿಸಬೇಕಲ್ಲ.

ಹಲಗೆಯ ಹಿಂದೆ ಸಾಸಿವೆಗೆ ಹಾಲು ಕುಡಿದಷ್ಟು ಸಂತೋಷ. ತನ್ನ ಮಕ್ಕಳು ಅಪರಂಜಿ. ಈಗ ಭಾವ ಎಲ್ಲರೆದುರಿಗೆ ತಪ್ಪಾಯ್ತು ಅನ್ನಬೇಕು, ಫ್ಯಾನಿನ ರಿಪೇರಿಯವನನ್ನು ಕರೆಸಬೇಕು. ಎದ್ದು ಹೊರಬರೋಣ ಅನ್ನುವಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು.

ಏಣಿ. ಅವನ ಹಿಂದೆ ಕನ್ನಡಕ. ಅವಳ ಹಿಂದೆ, ಕಿವಿ ತುರಿಸಿಕೊಳ್ಳುತ್ತ, ಮಗಳು.

ಏಣಿ ಬಾಗಿಲಲ್ಲಿ ಕಾವಲು ನಿಂತ. ಕನ್ನಡಕ ಕೂತು, ಬಾಯಿ ಬಿಡದೆ, ಹತ್ತೂ ಬೆರಳಿನಿಂದ ಕ್ಷಣದಲ್ಲಿ ಒಳಗೆ ಹೋದಳು. ಸಾಸಿವೆ ಕಲಿಸಿದ್ದೇ ಹಾಗೆ. "ಡ್ರಾಯಿಂಗ್ ಸರ್ ಇವತ್ತು ಜಾಸ್ತೀನೇ ತಗೊಂಡಿದ್ದಾರೆ," ಅಂದಳು. ಮಗಳು ಗೋಡೆಯ ಟೈಮ್‌ಟೇಬಲ್ ನೋಡಿ ಒಂದೊಂದೇ ಹೇಳುತ್ತಾ ಹೋದಳು, ಕನ್ನಡಕ ಒಂದೊಂದನ್ನೇ ಇದ್ದ ಜಾಗಕ್ಕೆ ತಂದಿಟ್ಟಳು.

"ನಮ್ಮ ಕೂಲಿ?" ಅಂದ ಏಣಿ.

"ದೊಡ್ಡಪ್ಪನಿಗೆ ಗೊತ್ತಾಗಲ್ಲ, ಒಂದು ನಿಮಿಷ ತಗೋ," ಅಂದಳು ಮಗಳು.

ಹಲಗೆಯ ಹಿಂದೆ ಚಾಕ್‌ಪೀಸಿನ ಹಳೆಯ ಧೂಳು ಬಹಳ ಹೊತ್ತಿನಿಂದ ಸಾಸಿವೆಯ ಮೂಗನ್ನು ಸವರುತ್ತಿತ್ತು. ಆ ಕ್ಷಣಕ್ಕೆ ತಡೆಯಲಾಗಲಿಲ್ಲ. ಸೀನಿದ ರಭಸಕ್ಕೆ ಹಲಗೆ ಧಡಾರನೆ ಮುಂದಕ್ಕೆ ಬಿತ್ತು.

ಧೂಳು ನಿಧಾನವಾಗಿ ಇಳಿಯಿತು.

"ಅಮ್ಮ," ಅಂದಳು ಮಗಳು. ಆಮೇಲೆ ತಿದ್ದಿಕೊಂಡಳು. "ಮೇಡಂ."

"ಕದ್ದಿಲ್ಲ ಅಂದ್ರಲ್ಲೋ," ಅಂದಳು ಸಾಸಿವೆ. ಕೂದಲೆಲ್ಲ ಬೆಳ್ಳಗಾಗಿತ್ತು.

"ಕದ್ದಿಲ್ಲ ಮೇಡಂ," ಅಂದ ಏಣಿ. "ಕದ್ದಿದ್ದನ್ನ ವಾಪಸ್ ಇಡ್ತಿದ್ವಿ. ದಿನಾ. ನಾವಿಲ್ಲದಿದ್ರೆ ಗಣಿತ ಅನ್ನೋ ವಿಷಯವೇ ಇರ್ತಿರಲಿಲ್ಲ. ಮೊನ್ನೆ ಒಂದು ದಿನ ಬರೋಕಾಗಲಿಲ್ಲ, ಊಟದ ಹೊತ್ತಲ್ಲಿ ನೀವೇ ಟೆಸ್ಟ್ ಕೊಟ್ಟು ಕೂರಿಸಿಬಿಟ್ರಿ. ಅವತ್ತೇ ತ್ರಿಕೋನದ ಕಥೆ ಆಗಿದ್ದು."

"ನನಗೆ ಯಾಕೆ ಹೇಳಲಿಲ್ಲ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಕವೇ ಬಾಯಿ ಬಿಟ್ಟಳು. "ಹೇಳಿದ್ರೆ ನೀವು ಸ್ಟಾಫ್ ರೂಮಿಗೆ ನುಗ್ಗಿ ಅವರನ್ನೆಲ್ಲ ಹುರಿದು ಹಾಕ್ತಿದ್ರಿ ಮೇಡಂ. ಡ್ರಾಯಿಂಗ್ ಸರ್ ಪಾಪ. ಅವರಿಗೆ ಬೈದ್ರೆ ಅಳ್ತಾರೆ."

ಸಾಸಿವೆ ಭಾವನ ಕುರ್ಚಿಯಲ್ಲಿ ಕುಸಿದು ಕೂತಳು.

"ಕೇಳಿದ್ರಾ ಯಾರನ್ನಾದ್ರೂ? ಒಳಗೆ ಹೋಗ್ಲಾ ಅಂತ?"

"ಇಲ್ಲ," ಅಂದಳು ಮಗಳು ನೆಲ ನೋಡುತ್ತ. "ಒಳ್ಳೇದಕ್ಕೆ ಅಂತ..." ಅಂದವಳು ಡಬ್ಬಿ, ಬೀಗ, ಪೆಪ್ಪರ್‌ಮಿಂಟ್ ಎಲ್ಲ ನೆನಪಾಗಿ ಅಲ್ಲಿಗೇ ನಿಲ್ಲಿಸಿದಳು.

ಏಣಿ ಹತ್ತಿರ ಬಂದು, ದನಿ ತಗ್ಗಿಸಿದ. "ಮೇಡಂ, ನಾವು ಮೂರು ಜನ ಬಂದಿದ್ದು ನೀವು ನೋಡೇ ಇಲ್ಲ ಅಂತ ಇಟ್ಕೊಳ್ಳಿ. ಮಿಕ್ಕವರನ್ನ ನೋಡಿದ್ದಂತೂ ನಿಜ ತಾನೇ? ಕ್ಲಾಸ್ ಉಳಿಯುತ್ತೆ, ನೀವೂ ಉಳೀತೀರಿ."

"ಫ್ಯಾನೂ ತಿರುಗುತ್ತೆ," ಅಂತ ಸೇರಿಸಿದಳು ಕನ್ನಡಕ.

"ನಡೀರಿ ಆಚೆ," ಅಂದಳು ಸಾಸಿವೆ. ಆದರೆ ಬೈಗುಳದಲ್ಲಿ ಎಂದಿನ ಖಾರವಿರಲಿಲ್ಲ. ಹುಡುಗರು ಅದಕ್ಕೇ ಹೆದರಿದರು.

ಅಂದು ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಓರಗಿತ್ತಿಯದೇ ಮಾತು. "ಲೈಬ್ರರಿಯಲ್ಲಿ ಗುಬ್ಬಿ ಕಾಟ ಅಂತ ಕಿಟಕಿಗೆಲ್ಲ ಬಲೆ ಹೊಡೆಸಿದೆ ಕಣೇ. ಆದ್ರೂ ನಾನು ಎದ್ದು ಓಡಾಡಿದಾಗೆಲ್ಲ ಚಿಂವ್ ಚಿಂವ್ ಅನ್ನುತ್ತೆ. ಒಂದೂ ಕಣ್ಣಿಗೆ ಬೀಳಲ್ಲ. ಎಲ್ಲಿ ಕೂತಿರ್ತವೋ ಏನೋ."

ಭಾವ ತಟ್ಟೆಯಿಂದ ತಲೆ ಎತ್ತದೆ, "ಬೆಂಚಿನ ಕೆಳಗೆ ನೋಡು," ಅಂದರು. ಮಗಳಿಗೆ ನೆತ್ತಿ ಹತ್ತಿತು. ಸಾಸಿವೆ ಅವಳ ಬೆನ್ನು ತಟ್ಟಿದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಮಿಕ್ಕಂತೆ ಅವಳು ಅನ್ನ ಕಲಸುತ್ತಲೇ ಇದ್ದಳು. 'ನೋಡೇ ಇಲ್ಲ' ಅನ್ನುವ ಮಾತು ಎಷ್ಟು ಹಗುರ. ಹೇಳಿಬಿಟ್ಟರೆ ನಾಳೆಯೂ ಅದೇ ಕೋಣೆ, ಅದೇ ಮಕ್ಕಳು, ಏಟು ತಿಂದು ಏಳುವ ಅದೇ ಕಂಪ್ಯೂಟರು. ಆದರೆ ಮುಂದಿನ ವರ್ಷ ಯಾವ ಮುಖ ಹೊತ್ತು ಡಬ್ಬಿಗೆ ಬೀಗ ಹಾಕುವುದು? ತಟ್ಟೆ ತೊಳೆಯುವಾಗಲೂ ಅದೇ ಯೋಚನೆ ಮಾಡಿದಳು. ಒಂದು ಲೋಟ ಒಡೆದಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ದೊಡ್ಡ ಮೇಷ್ಟ್ರ ಕೋಣೆಯಲ್ಲೇ ಮೀಟಿಂಗ್. ಬಸ್ ತಡವಾಗಿ ಹೊರಡುತ್ತದೆ ಅಂತ ಡ್ರೈವರನೂ ಬಾಗಿಲ ಬಳಿ ಬಂದು ನಿಂತಿದ್ದ. ಓರಗಿತ್ತಿ ಕಿಟಕಿಯ ಪಕ್ಕ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಮನೆಗೆ ಹೋಗಬೇಕಾದ ಮಕ್ಕಳು ಹೋಗದೆ ಕಾರಿಡಾರಿನಲ್ಲಿ ಗೋಡೆಗೆ ಅಂಟಿಕೊಂಡಿದ್ದರು.

"ಏನಮ್ಮ, ಸಿಕ್ಕಿದ್ರಾ ಕಳ್ಳರು?"

"ಸಿಕ್ಕಿದ್ರು ಸರ್." ಸಾಸಿವೆ ಸುತ್ತ ನೋಡಿದಳು. ಡ್ರಾಯಿಂಗ್ ಮೇಷ್ಟ್ರು ಉಗುರಿನ ಬಣ್ಣ ಕೆರೆಯುತ್ತಿದ್ದರು. ಆಟದ ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ಡ್ರೈವರನಿಗೆ ತಟ್ಟನೆ ಬಸ್ಸಿನ ಟೈರಿನ ನೆನಪಾಯಿತು, ಆದರೆ ಬಾಗಿಲಿಗೆ ಅಡ್ಡವಾಗಿ ಏಣಿ ನಿಂತಿದ್ದ.

"ಹೆಸರು ಹೇಳು ಮತ್ತೆ."

"ಮೊದಲು ಅವರಿಗೆಲ್ಲ ಪಾಸ್‌ವರ್ಡ್ ಕೊಟ್ಟೋರು ಯಾರು ಅಂತ ಹೇಳ್ತೀನಿ. ನೀವು."

"ನಾನಾ?" ದೊಡ್ಡ ಮೇಷ್ಟ್ರು ಎದ್ದು ನಿಂತರು. "ನಾಲಿಗೆ ಬಿಗಿ ಹಿಡಿದು ಮಾತಾಡು. ನನ್ನ ಬಾಯಿಂದ ಒಂದಕ್ಷರ ಹೊರಗೆ ಬಂದಿದ್ರೆ ಈ ಮೀಸೆ ಬೋಳಿಸ್ತೀನಿ."

"ಹಾಗಾದ್ರೆ ಎಲ್ಲರೆದುರಿಗೆ ಒಂದ್ಸಲ ಒಳಗೆ ಹೋಗಿ ಸರ್. ಯಾರೂ ಕಂಪ್ಯೂಟರ್ ನೋಡಲ್ಲ. ಎಲ್ಲರೂ ಕಣ್ಣು ಮುಚ್ಚಿ."

ಎಲ್ಲರೂ ಕಣ್ಣು ಮುಚ್ಚಿದರು. ದೊಡ್ಡ ಮೇಷ್ಟ್ರು ತೋಳು ಮಡಚಿ, ಬೆರಳೆತ್ತಿದರು.

"ಎಂ," ಅಂದರು. "ಯು... ಡಿ..."

"ಮತ್ತೊಂದು ಡಿ," ಅಂತು ಕಾರಿಡಾರು.

ದೊಡ್ಡ ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತಿತು. ಆದರೆ ಹೊರಗಿನವರಿಗೆ ಒಮ್ಮೆ ಲಯ ಹತ್ತಿದರೆ ನಿಲ್ಲಿಸಲು ಬಾರದು. ಜಿ, ಯು, ಬಿ, ಮತ್ತೊಂದು ಬಿ ಎಲ್ಲವನ್ನೂ ತಾವೇ ಮುಗಿಸಿ, "ಇನ್ನೊಮ್ಮೆ ಹೇಳ್ತೀನಿ" ಅಂದುಬಿಟ್ಟರು. ಕಣ್ಣು ಮುಚ್ಚಿಕೊಂಡಿದ್ದ ಆಟದ ಮೇಷ್ಟ್ರ ತುಟಿಯೂ ಆಡುತ್ತಿತ್ತು. ಯಾರೋ ಪುಟ್ಟ ಮಕ್ಕಳು ಕೊನೆಗೆ ಚಿಂವ್ ಚಿಂವ್ ಅಂದರು.

ಕಿಟಕಿಯ ಬಳಿ ಸ್ವೆಟರಿನ ಕಡ್ಡಿ ನಿಂತಿತು. ಓರಗಿತ್ತಿ ಅಕ್ಷರಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಜೋಡಿಸಿಯಾದ ಮೇಲೆ ಲೈಬ್ರರಿಯ ಕಿಟಕಿಗಳ ಬಲೆಯೂ ನೆನಪಾಗಿರಬೇಕು. ಕಿವಿಯಿಂದ ಕುತ್ತಿಗೆಯವರೆಗೂ ಕೆಂಪಾದಳು.

"ರೀ," ಅಂದಳು. ಸಣ್ಣ ದನಿ. "ಮನೆಗೆ ಬನ್ನಿ."

ಅಷ್ಟೇ ಅಂದಿದ್ದು. ದೊಡ್ಡ ಮೇಷ್ಟ್ರ ಕೈ ತನಗೆ ತಾನೇ ಮೀಸೆಯನ್ನು ಮುಚ್ಚಿಕೊಂಡಿತು.

"ಮೊದಲು ಆ ಹಾಳು ಪಾಸ್‌ವರ್ಡ್ ತೆಗೆದು ಹಾಕಿಸಿ," ಅಂತ ಸೇರಿಸಿದಳು ಓರಗಿತ್ತಿ. ಸಾಸಿವೆ ಭಾವನ ಮುಖ ನೋಡಿದಳು. "ಬದಲಾಯಿಸೋಕೆ ಅನುಮತಿ ಇದೆಯಾ ಸರ್?" ಅವರು ತಲೆ ಆಡಿಸಿದರು. ಅವಳು ಕೂತು, ಒಂದು ಕೈ ಅಡ್ಡ ಹಿಡಿದು, ಸದ್ದಿಲ್ಲದೆ ಹೊಸದೊಂದನ್ನು ಬರೆದಳು. ಎದ್ದು ಹೋಗಿ ಓರಗಿತ್ತಿಯ ಕಿವಿಯಲ್ಲಿ ಅದನ್ನು ಉಸುರಿದಳು. ಓರಗಿತ್ತಿ ಮೊದಲು ಹುಬ್ಬು ಏರಿಸಿದಳು, ಆಮೇಲೆ ಬೇಡವೆಂದರೂ ತುಟಿಯಂಚಿನಲ್ಲಿ ನಕ್ಕಳು.

"ಸರಿ," ಅಂದರು ದೊಡ್ಡ ಮೇಷ್ಟ್ರು, ಹೇಗಾದರೂ ಮಾತು ಬೇರೆ ಕಡೆ ಹೋದರೆ ಸಾಕು ಅನ್ನುವ ಅವಸರದಲ್ಲಿ. "ಕಳ್ಳರ ಹೆಸರು."

"ದೊಡ್ಡವರು ಮೂವರು. ಅವರ ಹೆಸರು ನಾನು ಹೇಳಲ್ಲ, ಅವರೇ ಎದ್ದು ಹೇಳಲಿ." ಡ್ರಾಯಿಂಗ್ ಮೇಷ್ಟ್ರು ಆಗಲೇ ಎದ್ದು ನಿಂತಿದ್ದರು, ಕಣ್ಣಲ್ಲಿ ನೀರು. "ಕೂತ್ಕೊಳ್ಳಿ ಸರ್, ಆಮೇಲೆ ಅಳೋರಂತೆ," ಅಂದಳು ಸಾಸಿವೆ. "ಚಿಕ್ಕವರೂ ಮೂವರು. ಅವರು ನನ್ನ ಕ್ಲಾಸಿನೋರು. ದೊಡ್ಡವರು ಕದ್ದದ್ದನ್ನ ದಿನಾ ವಾಪಸ್ ಇಟ್ಟಿದ್ದಾರೆ, ಒಂದು ನಿಮಿಷ ಕೂಲಿ ಹಿಡ್ಕೊಂಡು. ಆದ್ರೆ ಕೇಳದೆ ಒಳಗೆ ಹೋಗಿದ್ದಾರೆ. ಮುಟ್ಟಿದ್ದಾರೆ."

ಬಾಗಿಲಲ್ಲಿ ಏಣಿ ಅರ್ಧದಷ್ಟಾದ.

ದೊಡ್ಡ ಮೇಷ್ಟ್ರು ಮೂವರನ್ನೂ ನೋಡಿದರು. ಅವರ ಗಣಿತವನ್ನು ಇಷ್ಟು ದಿನ ಬದುಕಿಸಿಟ್ಟಿದ್ದವರು ಇವರು. "ವಾಪಸ್ ಇಟ್ಟಿದ್ದಾರೆ ಅಂದ ಮೇಲೆ ಅದು ಕಳ್ಳತನ ಹೇಗಾಗುತ್ತೆ? ಮಕ್ಕಳು ಒಳ್ಳೇದೇ ಮಾಡಿದ್ದಾರೆ. ಕ್ಲಾಸ್ ಬಂದ್ ಮಾಡಲ್ಲ, ಹೋಗು. ಫ್ಯಾನೂ ಮಾಡಿಸೋಣ. ಕೂತ್ಕೋ."

"ನಾನು ಕೊಟ್ಟ ಮಾತು?"

"ಸಿಟ್ಟಿನಲ್ಲಿ ಆಡಿದ ಮಾತಿಗೆ ಬೆಲೆ ಯಾಕೆ ಕಟ್ತೀಯ? ಎಲ್ಲ ಹೊಟ್ಟೆಗೆ ಹಾಕ್ಕೊಂಡೆ ಬಿಡು."

"ನಾನು ಆಡೋದೆಲ್ಲ ಸಿಟ್ಟಿನಲ್ಲೇ ಭಾವ. ಸಿಟ್ಟಿನ ಮಾತು ಬಿಟ್ರೆ ನನ್ನ ಹತ್ತಿರ ಬೇರೆ ಮಾತೇ ಇಲ್ಲ." ಅವಳು ಚೀಲದಿಂದ ಪುಟ್ಟ ಬೀಗ ತೆಗೆದು ಏಣಿಯ ಅಂಗೈಯಲ್ಲಿ ಇಟ್ಟಳು. "ಒಳ್ಳೇದಕ್ಕೆ ಅಂದ್ರೆ ಸರಿಯಾಗಿಬಿಡುತ್ತೆ ಅಂತ ಇವತ್ತು ನಾನು ಕೂತ್ರೆ, ಮುಂದಿನ ವರ್ಷ ಆ ಡಬ್ಬಿ ಇಟ್ಟು ಏನಂತ ಹೇಳಲಿ? ತಗೊಳ್ಳೋ. ನಿನಗೇ ಇರಲಿ."

"ಅಮ್ಮ, ಹಾಗಾದ್ರೆ ನಮ್ಮ ಪಾಠ?" ಅಂದಳು ಮಗಳು. ಈ ಸಲ 'ಮೇಡಂ' ಅಂತ ತಿದ್ದಿಕೊಳ್ಳಲಿಲ್ಲ.

"ಮನೆಯ ಮುಂದಿನ ಕೋಣೆಯಲ್ಲಿ ನಮಗೂ ಪಾಲಿದೆ. ಬೇಕಾದೋರು ಬರ್ರಿ. ಬರೋಕೆ ಮುಂಚೆ ಮನೇಲಿ ಕೇಳಿ ಬರ್ರಿ." ಹೊಸ್ತಿಲ ಹತ್ತಿರ ತಿರುಗಿ ಭಾವನನ್ನು ನೋಡಿದಳು. "ಬಾಯಿ ಮುಚ್ಕೊಂಡು ಕೂರೋದಾದ್ರೆ ನೀವೂ ಬರಬಹುದು."

ಹೊರಟಳು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಅಂಗಳಕ್ಕೆ ಬಿತ್ತು.

"ಬರ್ತಾಳೆ ಬಿಡಿ," ಅಂದರು ದೊಡ್ಡ ಮೇಷ್ಟ್ರು ಎಲ್ಲರಿಗೂ ಕೇಳುವಂತೆ. "ಟೀ ಆರೋದರೊಳಗೆ ಅವಳ ಸಿಟ್ಟೂ ಆರುತ್ತೆ. ನನಗೆ ಗೊತ್ತಿಲ್ವಾ ನಮ್ಮ ಮನೆ ಹುಡುಗಿ." ಟೀ ಕೈಗೆತ್ತಿಕೊಂಡು, ಸೋಮವಾರದ ಬೆಲ್ ಸರಿಯಿದೆಯೇ ನೋಡೋಣ ಅಂತ ಕಂಪ್ಯೂಟರಿನ ಮುಂದೆ ಕೂತರು. ಬೆರಳೆತ್ತಿದರು. ಎಂ ಅನ್ನಲು ಬಾಯಿ ತೆರೆದರು. ಅದು ಈಗ ಎಂ ಅಲ್ಲ ಅನ್ನುವುದು ನೆನಪಾಯಿತು.

ಹೆಂಡತಿಯ ಕಡೆ ನೋಡಿದರು. ಅವಳು ಸ್ವೆಟರಿನ ಹೆಣಿಗೆ ಎಣಿಸುತ್ತಿದ್ದಳು, ಬಹಳ ಗಮನವಿಟ್ಟು.

"ಕೇಳಿಸ್ತಾ? ಪಾಸ್‌ವರ್ಡು..."

"ಹೇಳ್ತೀನಿ. ಮೀಸೆ ಬೋಳಿಸ್ಕೊಂಡು ಬನ್ನಿ."

ಡ್ರೈವರ್ ಕೆಮ್ಮಿದ. ದೊಡ್ಡ ಮೇಷ್ಟ್ರು ಟೀ ಲೋಟ ಕೆಳಗಿಟ್ಟು, ಕಿಟಕಿಗೆ ಧಾವಿಸಿ, ಸರಳು ಹಿಡಿದು, ಉಕ್ತಲೇಖನದ ಅದೇ ಗಂಟಲಿನಲ್ಲಿ ಅಂಗಳದ ಆಚೆಗೆ ಕೂಗಿದರು.

"ಏನಿಟ್ಟೆ ಪಾಸ್‌ವರ್ಡು? ಇಲ್ಲಿಂದಲೇ ಹೇಳು, ನನಗೆ ಕೇಳಿಸುತ್ತೆ."

ಅಂಗಳದಲ್ಲಿದ್ದ ಮಕ್ಕಳೆಲ್ಲ ನಿಂತರು. ನಲ್ಲಿಯ ಹತ್ತಿರ ಒಬ್ಬಳು ನೀರು ಕುಡಿಯುವುದನ್ನೂ ಬಿಟ್ಟು ಕಿವಿ ನಿಮಿರಿಸಿದಳು. ಗೇಟಿನ ಬಳಿ ಸಾಸಿವೆ ತಿರುಗಿದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು, ಕ್ಲಾಸಿನಲ್ಲಿ ಗಲಾಟೆ ಮಾಡುವ ಹಿಂದಿನ ಬೆಂಚಿನವರಿಗೆ ತೋರಿಸುವ ಹಾಗೆ.

ಆಮೇಲೆ ಗೇಟು ದಾಟಿ, ಅದನ್ನು ಹಿಂದೆ ಎಳೆದು, ಚಿಲಕ ಹಾಕಿ ಹೋದಳು. ಆ ಚಿಲಕವನ್ನು ಅವಳು ಮತ್ತೆ ತೆಗೆಯಲಿಲ್ಲ.